ಬೆಳಗಿನ ಜಾವದ ನೀರು

ಐದೂ ಇಪ್ಪತ್ತು. ಕೆರೆಯ ಏರಿ ಮೇಲೆ ಇನ್ನೂ ಕತ್ತಲು. ಆಚೆ ದಡದ ಅಪಾರ್ಟ್‌ಮೆಂಟಿನಲ್ಲಿ, ತುಂಬ ಮೇಲೆ, ಯಾರದೋ ಅಡುಗೆಮನೆಯ ದೀಪ ಈಗ ಹೊತ್ತಿಕೊಂಡಿತು. ನಾನು ಹಾಕಿಕೊಂಡಿರುವ ಗಂಬೂಟು ನನ್ನ ಅಳತೆಯದಲ್ಲ, ಹೆಜ್ಜೆಗೊಮ್ಮೆ ಹಿಮ್ಮಡಿ ಮೇಲೆದ್ದು ಮತ್ತೆ ಕೂರುತ್ತಿದೆ. ಟೆಂಪೊದಿಂದ ಇಳಿಸಿದ ಐಸ್‌ಬಾಕ್ಸಿನಲ್ಲಿ 300 ಮಿಲಿಲೀಟರಿನ ಹನ್ನೆರಡು ಗಾಜಿನ ಬಾಟಲಿಗಳು, ನಡೆದಂತೆಲ್ಲ ಕಿಣಿಕಿಣಿ ಅನ್ನುತ್ತಿವೆ.

"ಮುಚ್ಚಳದ ನಂಬರ್ ನೋಡ್ಕೊಳ್ರೋ. ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಗಾಳಿ ಸೇರತ್ತೆ," ಮೇಡಂ ಟಾರ್ಚು ಹಿಡಿದು ಹಿಂದಿನಿಂದ ಕೂಗುತ್ತಾರೆ.

ಕೆರೆಯ ಹೆಸರು ಹೇಳುವುದಿಲ್ಲ. ಬೆಂಗಳೂರಿನ ಪೂರ್ವಕ್ಕೆ ಯಾವ ಫ್ಲೈಓವರ್ ಇಳಿದರೂ ಇದರ ಅಕ್ಕನೋ ತಂಗಿಯೋ ಸಿಗುತ್ತದೆ.

ಇಷ್ಟು ಹೊತ್ತಿಗೆ ಇಲ್ಲಿಗೆ ಬರುವಂತಾದದ್ದು ನಮ್ಮದೇ ತಪ್ಪಿನಿಂದ. ಕಳೆದ ಮಂಗಳವಾರ ಟೆಂಪೊ ತಡವಾಗಿ, ಟ್ರಾಫಿಕ್ಕಿನಲ್ಲಿ ಇನ್ನಷ್ಟು ತಡವಾಗಿ, ನಾವು ಏರಿ ಹತ್ತಿದಾಗ ಮಧ್ಯಾಹ್ನ ಎರಡು ದಾಟಿತ್ತು. ಸುಡು ಬಿಸಿಲು. ನೀರು ಗಟ್ಟಿ ಹಸಿರು, ಪಾಲಕ್ ಸೊಪ್ಪು ರುಬ್ಬಿ ಸುರಿದ ಹಾಗೆ. ಲ್ಯಾಬಿನಲ್ಲಿ ಟೈಟ್ರೇಶನ್ ಮಾಡಿದರೆ, ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 11.2 ಮಿಲಿಗ್ರಾಂ! ಮೀನು ಸಾಕಲು 4 ಇದ್ದರೆ ಸಾಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ. ಸೋಂಕು ತೆಗೆದು ಕುಡಿಯಬಹುದಾದ ಮೊದಲ ದರ್ಜೆಯ ನೀರಿಗೂ ಅದು ಕೇಳುವುದು 6. ನಮ್ಮದು 11.2. ನಾಲ್ವರೂ ಕೈ ಕೈ ತಟ್ಟಿಕೊಂಡೆವು. ಕೆರೆ ಆರೋಗ್ಯವಾಗಿದೆ ಎಂದು ನಾನೇ ದುಂಡಗೆ ಬರೆದೆ.

ಮೇಡಂ ಆ ಸಾಲನ್ನು ಹೊಡೆಯಲಿಲ್ಲ. "27 ಡಿಗ್ರಿ ನೀರು ಗಾಳಿಯಿಂದ ಎಷ್ಟು ಹಿಡ್ಕೊಳ್ಳತ್ತೆ?" ಎಂದು ಕೇಳಿದರು. ಕೋಷ್ಟಕ ನೋಡಿದೆವು. ಸಮುದ್ರಮಟ್ಟದಲ್ಲಿ ಸುಮಾರು 8. ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದಕ್ಕಿಂತಲೂ ಕಡಿಮೆ. "ಹಾಗಾದ್ರೆ ಮಿಕ್ಕಿದ್ದು ಎಲ್ಲಿಂದ ಬಂತು?" ಯಾರೂ ಬಾಯಿ ಬಿಡಲಿಲ್ಲ. "ಸೂರ್ಯ ಹುಟ್ಟೋಕ್ ಮುಂಚೆ ಹೋಗಿ, ಕೆರೇನೇ ಕೇಳ್ಕೊಂಡು ಬನ್ನಿ," ಎಂದವರು, ಪುಣ್ಯಕ್ಕೆ ತಾವೂ ಬಂದಿದ್ದಾರೆ.

ತೂಬಿನ ಕಲ್ಲುಕಂಬಗಳ ಹತ್ತಿರ ಇಳಿಯುತ್ತೇವೆ. ಕಂಬಗಳು ಉಳಿದಿವೆ, ತೂಬು ಎತ್ತುವವರಿಲ್ಲ. ಕೆಳಗಿದ್ದ ಅಚ್ಚುಕಟ್ಟಿನ ಗದ್ದೆಗಳೆಲ್ಲ ಸೈಟುಗಳಾದ ಮೇಲೆ ಯಾರಿಗೆ ಬೇಕು ನೀರು? ನಮ್ಮ ರೆಕಾರ್ಡಿನಲ್ಲಿ ಈ ಜಾಗ 'ಎಸ್-2'. ರಾಜಕಾಲುವೆ ಬಂದು ಸೇರುವಲ್ಲಿ ಎಸ್-1, ಕೋಡಿಯ ಬಳಿ ಎಸ್-3. ಮೊದಲ ವರ್ಷ ಈ ಅಕ್ಷರಗಳೇ ದೊಡ್ಡ ವಿಜ್ಞಾನ ಅನಿಸಿತ್ತು. ಮೂರನೇ ವರ್ಷಕ್ಕೆ ಬಂದಾಗ, ತೂಬು ಕೋಡಿ ಅಂದರೇನು ಎಂದು ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬಂದೆ. ಬಿಎಸ್ಸಿ ಪುಸ್ತಕದಲ್ಲಿ ಅಮೆರಿಕದ ಈರಿ ಸರೋವರದ ಬಗ್ಗೆ ಪುಟಗಟ್ಟಲೆ ಇತ್ತು.

ಮನೆ ಎಂದರೆ ನೆನಪಾಯಿತು. "ಪರಿಸರ ಅಂದ್ರೆ ಆ ಇವಿಎಸ್ ಪೇಪರ್ ತಾನೇ? ಅದನ್ನ ನಮ್ಮ ಹುಡುಗ ಬಿಕಾಂನಲ್ಲೇ ಬರ್ದು ಪಾಸಾದ," ಅನ್ನುತ್ತಾರೆ ದೊಡ್ಡಮ್ಮ. ಅವರ ತಪ್ಪಲ್ಲ. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ್ದರಿಂದ ದೇಶದ ಪ್ರತಿ ಪದವಿ ವಿದ್ಯಾರ್ಥಿಯೂ ಪರಿಸರವನ್ನು ಓದಲೇಬೇಕಾಯಿತು, ಮತ್ತು ಪರೀಕ್ಷೆಯ ಹಿಂದಿನ ರಾತ್ರಿ ಗೈಡು ತಿರುವಿ ಮರೆಯಲೇಬೇಕಾಯಿತು. ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರದ ಜೊತೆಗೆ ಅದನ್ನೇ ಮುಖ್ಯ ವಿಷಯವಾಗಿ ಮೂರು ವರ್ಷ ಓದುವವರೂ ಇದ್ದಾರೆ ಎಂದರೆ ದೊಡ್ಡಮ್ಮನ ಮುಖದಲ್ಲಿ ಮುಂದಿನ ಪ್ರಶ್ನೆ ಕಾಣುತ್ತದೆ: ಗಿಡ ನೆಡೋಕೆ ಮೂರು ವರ್ಷ ಬೇಕಾ?

ಬಾಟಲಿಯನ್ನು ಓರೆಯಾಗಿ ಮುಳುಗಿಸುತ್ತೇನೆ. ನೀರು ಬೆಚ್ಚಗಿದೆ, ಗಾಳಿಗಿಂತ ಬೆಚ್ಚಗೆ. ಗುಳುಗುಳು ಸದ್ದಾಗಬಾರದು, ಒಂದು ಗುಳ್ಳೆ ಒಳಗೆ ಉಳಿದರೂ ಅದರ ಆಮ್ಲಜನಕವೇ ಕೆರೆಯದ್ದಾಗಿಬಿಡುತ್ತದೆ. ನೀರೊಳಗೇ ಮುಚ್ಚಳ ಒತ್ತಿ, ಮೇಲೆತ್ತಿ, ತಲೆಕೆಳಗು ಮಾಡಿ ಟಾರ್ಚಿನ ಬೆಳಕಿಗೆ ಹಿಡಿಯುತ್ತೇನೆ. ಗುಳ್ಳೆಯಿಲ್ಲ. ಕೊಳೆತ ಎಲೆಕೋಸಿನ ವಾಸನೆ ಕೈಗೆ ಹತ್ತಿದೆ.

ಪ್ಲಕ್. ಪಕ್ಕದಲ್ಲೇ ಸದ್ದು. ಇನ್ನೊಂದು. ಆಮೇಲೆ ಎಲ್ಲ ಕಡೆಯಿಂದಲೂ, ತುಂತುರು ಮಳೆ ಶುರುವಾದ ಹಾಗೆ. ಮೇಡಂ ಟಾರ್ಚು ಅತ್ತ ಹಾಯಿಸುತ್ತಾರೆ. ನೀರಿನ ಮೇಲ್ಪದರದಲ್ಲಿ ನೂರಾರು ದುಂಡು ಬಾಯಿಗಳು. ತೆರೆಯುತ್ತವೆ, ಮುಚ್ಚುತ್ತವೆ. ಬೆಳಕು ಬಿದ್ದರೂ ಓಡುವುದಿಲ್ಲ.

"ಅವತ್ತು ಮಟಮಟ ಮಧ್ಯಾಹ್ನ ಬಂದಿದ್ರಲ್ಲ, ಇವತ್ತೇನ್ ನಸುಕಲ್ಲೇ?" ಕತ್ತಲಲ್ಲಿ ಹರಿಗೋಲೊಂದು ಹತ್ತಿರವಾಗುತ್ತದೆ. ಮೀನು ಗುತ್ತಿಗೆಯ ತಾತ. ಮಂಗಳವಾರ ನಮ್ಮನ್ನು ನೋಡಿ ನಕ್ಕಿದ್ದರು, ಏಕೆಂದು ತಿಳಿದಿರಲಿಲ್ಲ.

"ತಾತ, ಮೀನು ಯಾಕೆ ಹಿಂಗೆ ಮೇಲೆ ಬಂದಿವೆ?"

"ಉಸ್ರು ಸಾಲ್ದು ಕಣವ್ವ. ಬೆಳಗಿನ ಜಾವ ದಿನಾ ಇಂಗೇಯ. ಬಿಸ್ಲು ಬಿತ್ತು ಅಂದ್ರೆ ಕೆಳೀಕ್ ಓಯ್ತವೆ. ಮೋಡ ಮುಚ್ಕಂಡು ಎಲ್ಡು ದಿನ ಬಿಸ್ಲೇ ಬರ್ಲಿಲ್ಲ ಅನ್ನು, ಕಾಟ್ಲಾ ಎಲ್ಲ ಬೆಳ್ಳಗೆ ತೇಲ್ತವೆ. ಜಿಲೇಬಿ ಮೀನು ಎಂಗೋ ತಡ್ಕತದೆ."

ಮೇಡಂ ನನ್ನ ಕಡೆ ನೋಡುತ್ತಾರೆ. ನೋಡಬೇಕಾಗಿಯೇ ಇರಲಿಲ್ಲ. ಹಗಲು ಆ ಹಸಿರು ಪಾಚಿ ಬಿಸಿಲು ಕುಡಿದು ನೀರಿನೊಳಗೇ ಆಮ್ಲಜನಕ ಬಿಡುತ್ತದೆ, ನೀರು ಹಿಡಿಯಲಾರದಷ್ಟು. ರಾತ್ರಿ ಅದೇ ಪಾಚಿ ನಮ್ಮ ಹಾಗೇ ಉಸಿರಾಡುತ್ತದೆ, ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ, ಬಿಡುವವರು ಯಾರೂ ಇಲ್ಲ. ಕೊಳಚೆಯ ಸಾರಜನಕ, ರಂಜಕ ಕುಡಿದು ಪಾಚಿ ಹೆಚ್ಚಿದಷ್ಟೂ ಮಧ್ಯಾಹ್ನದ ಸಂಖ್ಯೆ ಏರುತ್ತದೆ, ಬೆಳಗಿನ ಜಾವದ್ದು ಕುಸಿಯುತ್ತದೆ. ನಮ್ಮ 11.2 ಆರೋಗ್ಯವಲ್ಲ, ಜ್ವರ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿ ರಾಶಿ ಸತ್ತು ತೇಲಿದ ಚಿತ್ರವನ್ನು ಮೊದಲ ವರ್ಷ ಸ್ಲೈಡಿನಲ್ಲಿ ನೋಡಿದ್ದೆ. 'ಆಮ್ಲಜನಕದ ಕೊರತೆ' ಎಂದು ನೋಟ್ಸಿನಲ್ಲಿ ಬರೆದು ಎರಡು ಅಂಕವನ್ನೂ ತೆಗೆದುಕೊಂಡಿದ್ದೆ.

ಮೂಡಣ ಬೂದಿ ಬಣ್ಣಕ್ಕೆ ತಿರುಗುವಷ್ಟರಲ್ಲಿ ರಾಜಕಾಲುವೆಯ ಬಾಯಿಗೆ ನಡೆಯುತ್ತೇವೆ. ದಾರಿಯುದ್ದ ಅಂತರಗಂಗೆ, ಅದರ ಮೇಲೆ ಹಾಲಿನ ಪ್ಯಾಕೆಟ್ಟು, ಗಣೇಶನ ಒಂದು ತೋಳು. ನೊರೆ ಸ್ವಲ್ಪವೇ ಇದೆ. ನೊರೆ ಹೆಚ್ಚಿದ್ದರೆ ಕ್ಯಾಮೆರಾಗಳು ಬಂದಿರುತ್ತಿದ್ದವು. 2017, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಬಂದ ಹಾಗೆ. ಉಸಿರು ಕಟ್ಟಿದ ನೀರಿನ ಫೋಟೊ ತೆಗೆಯುವುದು ಹೇಗೆ?

ಇಲ್ಲಿ ನೀರು ಕಪ್ಪು. ಬಾಟಲಿ ತುಂಬಿಸಿ, ಕಟ್ಟೆಯ ಮೇಲೆ ಕೂತು, ಪಿಪೆಟ್ಟಿನಿಂದ ಮ್ಯಾಂಗನೀಸ್ ಸಲ್ಫೇಟ್ ಬಿಡುತ್ತೇನೆ, ಆಮೇಲೆ ಕ್ಷಾರೀಯ ಅಯೋಡೈಡ್. ಹಂಗೇರಿಯ ವಿಂಕ್ಲರ್ 1888ರಲ್ಲಿ ಹೇಳಿಕೊಟ್ಟ ವಿಧಾನ. ಮೀಟರುಗಳು ಬಂದ ಮೇಲೂ ನಮ್ಮ ಕೈಗೆ ಇದನ್ನೇ ಕೊಡುತ್ತಾರೆ. ಮೀಟರಿನ ಪ್ರೋಬು ಕೆಟ್ಟು ಎರಡು ಸೆಮಿಸ್ಟರ್ ಆಯಿತೆಂಬುದು ಬೇರೆ ಮಾತು. ಆಮ್ಲಜನಕವಿದ್ದರೆ ಮ್ಯಾಂಗನೀಸ್ ಅದನ್ನು ಹಿಡಿದು ಕಂದಾಗುತ್ತದೆ. ಮಂಗಳವಾರ ತೂಬಿನ ಬಳಿಯ ಬಾಟಲಿ ಬೆಲ್ಲದ ಪಾಕದ ಹಾಗಾಗಿತ್ತು.

ಮುಚ್ಚಳ ಒತ್ತಿ ತಿರುಗಿಸುತ್ತೇನೆ. ಒಳಗೆ ಮೋಡ ಕಟ್ಟುತ್ತದೆ. ಬಿಳಿ. ಇನ್ನೊಮ್ಮೆ ತಿರುಗಿಸುತ್ತೇನೆ. ಬಿಳಿ. ಒಡೆದ ಹಾಲಿನಂತೆ ನಿಧಾನ ಕೆಳಗಿಳಿಯುತ್ತಿದೆ, ಬಿಳಿಯಾಗಿಯೇ.

"ಕೆಮಿಕಲ್ ಹಳೇದಾ ಮೇಡಂ?"

"ಅದೇ ಕೆಮಿಕಲ್ ಅಲ್ವೇನೇ ತೂಬಿನ ಹತ್ರ ಹಾಕಿದ್ದು? ಅದು ನೋಡು."

ಪೆಟ್ಟಿಗೆಯಿಂದ ಅದನ್ನು ಎತ್ತಿ ಪಕ್ಕಕ್ಕಿಡುತ್ತೇನೆ. ತೆಳು ಕಂದು, ನೀರು ಹೆಚ್ಚಾದ ಚಹಾ. ಅಷ್ಟಾದರೂ ಇದೆ. ಇದರಲ್ಲಿ ಏನೂ ಇಲ್ಲ.

ಹತ್ತೂವರೆಗೆ ಲ್ಯಾಬ್. ನಿದ್ದೆ ಕಣ್ಣಿಗೆ ಅಂಟಿದೆ, ಉಪ್ಪಿಟ್ಟು ಹೊಟ್ಟೆಯಲ್ಲಿ ಭಾರವಾಗಿ ಕೂತಿದೆ. ಗಂಧಕಾಮ್ಲ ಬಿಟ್ಟಾಗ ತೂಬಿನ ಬಾಟಲಿ ತಿಳಿ ಹಳದಿಯಾಯಿತು. 200 ಮಿಲಿಲೀಟರ್ ಅಳೆದು, ಬ್ಯುರೆಟ್ಟಿನಿಂದ ಥಯೋಸಲ್ಫೇಟ್ ಹನಿಸಿ, ಸ್ಟಾರ್ಚ್ ಹಾಕಿದರೆ ನೀಲಿ. ಈ ಅಳತೆಯಲ್ಲಿ ಒಂದು ಮಿಲಿಲೀಟರ್ ಇಳಿದರೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ, ಗುಣಾಕಾರವೇ ಬೇಡ. ಮಂಗಳವಾರ ಬ್ಯುರೆಟ್ಟು ಇಳಿದದ್ದೇ ಇಳಿದದ್ದು. ಇವತ್ತು ಕೊಳಾಯಿ ತಿರುಗಿಸಿ ಗೆಳತಿಗೆ ಏನೋ ಹೇಳುವಷ್ಟರಲ್ಲಿ ನೀಲಿ ಮಾಯ. 1.4. ರಾಜಕಾಲುವೆಯ ಬಾಟಲಿಗೆ ಬ್ಯುರೆಟ್ಟು ಬೇಕಾಗಲೇ ಇಲ್ಲ. ಆಮ್ಲ ಬಿದ್ದೊಡನೆ ಬಿಳಿ ಕರಗಿತು, ಸ್ಟಾರ್ಚ್ ಹಾಕಿದರೆ ಹಾಕಿದ ಹಾಗೇ ಇತ್ತು.

ಇನ್ನೊಂದಷ್ಟು ಬಾಟಲಿಗಳು ಬಿಓಡಿಗಾಗಿ, ಅಂದರೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳು ಎಷ್ಟು ಆಮ್ಲಜನಕ ಬಳಸುತ್ತವೆಂದು ಅಳೆಯಲು, ಇನ್‌ಕ್ಯುಬೇಟರಿಗೆ ಹೋಗುತ್ತವೆ: 27 ಡಿಗ್ರಿ, ಮೂರು ದಿನ, ಕತ್ತಲಲ್ಲಿ. ಮಧ್ಯೆ ಕರೆಂಟು ಹೋಗದಿದ್ದರೆ. ಕಳೆದ ಸಲ ಹೋಗಿತ್ತು, ಆ ಬ್ಯಾಚಿನ ಸಂಖ್ಯೆಗಳನ್ನು ಯಾರೂ ಮಾತಾಡದೆ ಕಸದ ಬುಟ್ಟಿಗೆ ಹಾಕಿದ್ದೆವು.

ರೆಕಾರ್ಡ್ ಪುಸ್ತಕ ಬಿಚ್ಚುತ್ತೇನೆ. ಮುದ್ರಿತ ಕೋಷ್ಟಕ: ಸ್ಥಳ, ದಿನಾಂಕ, ಉಷ್ಣತೆ, ಪಿಎಚ್, ಕರಗಿದ ಆಮ್ಲಜನಕ, ಷರಾ. 11.2ರ ಕೆಳಗೆ 1.4 ಬರೆದು ನೋಡುತ್ತೇನೆ. ಅದೇ ತೂಬು, ಅದೇ ನೀರು, ಒಂದೇ ವಾರ. ಓದಿದವರು ಎರಡರಲ್ಲಿ ಒಂದು ತಪ್ಪು ಎನ್ನುತ್ತಾರೆ. ಸಮಯ ಬರೆಯಲು ಕಾಲಮ್ಮೇ ಇಲ್ಲ.

ಸ್ಕೇಲು ಇಟ್ಟು ದಿನಾಂಕದ ಮನೆಯ ನಡುವೆ ಒಂದು ಗೆರೆ ಎಳೆಯುತ್ತೇನೆ. ಮೇಲಿನ ಸಾಲಿಗೆ 'ಮ. 2.10', ಕೆಳಗಿನದಕ್ಕೆ 'ಬೆ. 5.40'. ಅಕ್ಷರ ಇಕ್ಕಟ್ಟಾಗಿ ಒಂದರ ಮೇಲೊಂದು ಬಿದ್ದಿವೆ.

"ರೆಕಾರ್ಡ್ ಗಲೀಜಾಯ್ತಲ್ಲೇ," ಅನ್ನುತ್ತಾಳೆ ಗೆಳತಿ. ಆಮೇಲೆ ತಾನೇ ಬಗ್ಗಿ ನೋಡಿ, "ಸಂಜೇದು ಬೇಡ್ವಾ?"

"ಬೇಕು. ಆರು ಗಂಟೆಗೆ ಟೆಂಪೊ ಸಿಗತ್ತಾ ಕೇಳು."