ಹಿಂದಿನ ಚಕ್ರ ನೂಕುವ ಗಾಡಿ

ಮುಂಬಯಿಗೂ ಚಳಿಗಾಲ ಉಂಟೇ ಎಂದು ಊರಿನ ನೆಂಟರು ನಮ್ಮನ್ನು ಕೇಳುವುದುಂಟು. ಇಲ್ಲವೆಂದರೆ ತಪ್ಪಾದೀತು. 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ ಉಷ್ಣಮಾನ 7.4 ಡಿಗ್ರಿಗೆ ಇಳಿದಿತ್ತು. ಅಂಥ ಚಳಿಯನ್ನು ಈ ನಗರ ಆಮೇಲೆ ಕಂಡಿಲ್ಲ. ಈಗ ಹದಿನೈದಕ್ಕೆ ಇಳಿದರೆ ಸಾಕು, ಲೋಕಲ್ ಗಾಡಿಯಲ್ಲಿ ಮಂಗನ ಟೊಪ್ಪಿಗಳು ಕಾಣಿಸಿಕೊಳ್ಳುತ್ತವೆ, ಕಪಾಟಿನಿಂದ ಸ್ವೆಟರುಗಳು ಹೊರಬರುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಸ್ವೆಟರಿಗಿಂತ ಮೊದಲು ಹೊರಬರುವುದು ಅಪ್ಪನ ಪದ್ಮಿನಿ.

ಹೆಸರು ಕೇಳಿ ಯಾರೂ ತಪ್ಪು ತಿಳಿಯಬಾರದು. ಅದು ಪ್ರೀಮಿಯರ್ ಪದ್ಮಿನಿ ಎಂಬ ಕಾರು. ಕಪ್ಪು ಹಳದಿ ಬಣ್ಣ ಬಳಿದುಕೊಂಡು ಈ ನಗರದ ಟ್ಯಾಕ್ಸಿಯಾಗಿ ಮೆರೆದದ್ದು ಅದೇ. 2023ರ ಅಕ್ಟೋಬರ್ ಕೊನೆಗೆ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಅಪ್ಪನದು ಖಾಸಗಿ ಗಾಡಿ, ಬಿಳಿ ಬಣ್ಣದ್ದು. ಹೊಸದು ಬೇಕಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ, ಕಾಯುವ ತಾಳ್ಮೆಯೂ ದುಡ್ಡೂ ಇಲ್ಲದೆ ಅವರು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದನ್ನು ಗುಜರಿಗೆ ಹಾಕೋಣವೆಂದು ನಮ್ಮಲ್ಲಿ ಕೆಲವರೂ, ಬೇಡವೆಂದು ಕೆಲವರೂ ಹೇಳಿದೆವು. ಅಮ್ಮ ಏನೂ ಹೇಳಲಿಲ್ಲ. ಆದ್ದರಿಂದ ಗಾಡಿ ಉಳಿಯಿತು.

ಅದನ್ನು ಸ್ಪೋರ್ಟ್ಸ್ ಕಾರು ಮಾಡಬೇಕೆಂಬ ಹುಚ್ಚು ಹಿಡಿದದ್ದು ಅಣ್ಣನ ಮಗನಿಗೆ. ಪೂರ್ತಿ ಹುಚ್ಚೆಂದೂ ಹೇಳುವಂತಿಲ್ಲ. ಇದರ ಮೂಲಪುರುಷ ಇಟಲಿಯ ಫಿಯಟ್ 1100. ಅದಕ್ಕೆ 1953ರಲ್ಲೇ ಹೆಚ್ಚು ಶಕ್ತಿಯ, ವೇಗದ ಒಂದು ರೂಪವನ್ನು ಅಲ್ಲಿಯವರು ಮಾಡಿದ್ದರು. ಮದರಾಸಿನ ಬಳಿಯ ಶೋಳಾವರಂನ ಹಳೆಯ ವಿಮಾನದಾರಿಯಲ್ಲಿ ಮೋಟಾರು ಪಂದ್ಯ ನಡೆಯುತ್ತಿದ್ದ ದಿನಗಳಲ್ಲಿ ಇಂಜಿನು ಹದಗೊಳಿಸಿದ ಫಿಯಟ್ಟುಗಳೂ ಓಡುತ್ತಿದ್ದವು. ಅದಲ್ಲದೆ ಹುಡುಗನ ವಾದ ಇನ್ನೊಂದಿತ್ತು: 'ಇದು ಹಿಂದಿನ ಚಕ್ರದ ಗಾಡಿ, ಚಿಕ್ಕಪ್ಪಾ. ಒಳ್ಳೆಯ ಸ್ಪೋರ್ಟ್ಸ್ ಕಾರುಗಳೆಲ್ಲ ಹಾಗೇ.'

ಈ ಹಿಂದು ಮುಂದಿನ ವಿಚಾರ ಗೊತ್ತಿಲ್ಲದವರಿಗೆ ಒಂದು ಮಾತು. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಇಂಜಿನು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ, ಎತ್ತುಗಳು ಬಂಡಿಯನ್ನು ಎಳೆದಂತೆ. ಪದ್ಮಿನಿಯದು ಮಸ್ಜಿದ್ ಬಂದರಿನ ಕೈಗಾಡಿಯ ಹಾಗೆ. ಇಂಜಿನು ಮುಂದೆಯೇ ಇದ್ದರೂ ಅದರ ಬಲ ಹೊಟ್ಟೆಯಡಿಯ ಉದ್ದನೆಯ ಶಾಫ್ಟಿನಲ್ಲಿ ಹಿಂದಕ್ಕೆ ಹೋಗಿ ಹಿಂದಿನ ಚಕ್ರಗಳಿಂದ ಗಾಡಿಯನ್ನು ನೂಕುತ್ತದೆ. ಮುಂದಿನ ಚಕ್ರಗಳಿಗೆ ದಾರಿ ತೋರಿಸುವ ಕೆಲಸ ಮಾತ್ರ. ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುವುದರಿಂದ ಇಂಥ ಗಾಡಿಯ ಚಕ್ರ ನೆಲವನ್ನು ಚೆನ್ನಾಗಿ ಕಚ್ಚುತ್ತದೆ. ಜಾರುವ ನೆಲದಲ್ಲಿ ಮಾತ್ರ, ಆಕ್ಸಿಲರೇಟರ್ ಸ್ವಲ್ಪ ಹೆಚ್ಚು ಒತ್ತಿದರೂ ಬಾಲವು ತಲೆಯನ್ನು ಹಿಂದೆ ಹಾಕಲು ಹೊರಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂದರೆ ಇಂಥ ಕಾರಿನ ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟುಕೊಳ್ಳುತ್ತಾರಂತೆ. ಅಪ್ಪ ಊರಿನಿಂದ ಬರುವಾಗ ತೆಂಗಿನಕಾಯಿ ಮೂಟೆ, ಕುಚ್ಚಲಕ್ಕಿ ಚೀಲ ತುಂಬಿಕೊಂಡು ಬರುತ್ತಿದ್ದರು. ಬರುವ ದಾರಿಯಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡು ಓಡುತ್ತದೆ ಎಂದು ಅವರು ಹೇಳುತ್ತಿದ್ದುದರ ಅರ್ಥ ನಮಗೆ ಹೊಳೆದದ್ದು ಬಹಳ ತಡವಾಗಿ.

ಸರಿ, ಗಾಡಿಯನ್ನು ಕುರ್ಲಾದ ಮೇಸ್ತ್ರಿ ಚಾಚಾನ ಬಳಿಗೆ ಒಯ್ದೆವು. ಪದ್ಮಿನಿಯ ತವರೂ ಕುರ್ಲಾವೇ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲಿ. 1940ರಲ್ಲಿ ಮೈಸೂರು ಸರಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಗೆ ನಾಂದಿ ಹಾಡಿದವರೂ ಅವರೇ ಎಂಬುದನ್ನು ಕನ್ನಡಿಗರು ನೆನೆಯಬೇಕು. 1964ರಿಂದ 1100 ಡಿ ಎಂದು ತಯಾರಾಗುತ್ತಿದ್ದ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಅದಕ್ಕೂ ಹಿಂದಿನ ಗುಂಡುಗುಂಡಾದ ಫಿಯಟ್ಟಿಗೆ ಮುಂಬಯಿಯ ಜನ ಇಟ್ಟ ಹೆಸರು 'ಡುಕ್ಕರ್'. ಮರಾಠಿಯಲ್ಲಿ ಹಂದಿ ಎಂದರ್ಥ! ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿಯ ಎತ್ತರದ ಕಟ್ಟಡಗಳಿವೆ.

ಹುಡುಗ ಚಾಚಾನ ಮುಂದೆ ಪಟ್ಟಿ ಬಿಚ್ಚಿದ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಬೇಕು, ಅಗಲ ಟಯರು ಬೇಕು, ಗುಡುಗುವ ಸೈಲೆನ್ಸರು ಬೇಕು, ಸಾಧ್ಯವಾದರೆ 1089 ಸಿ.ಸಿ. ಇಂಜಿನನ್ನೇ ಕಿತ್ತು ದೊಡ್ಡದೊಂದನ್ನು ಕೂಡಿಸಬೇಕು. ಚಾಚಾ ಎಲ್ಲವನ್ನೂ ಕೇಳಿ, ಚಹಾ ಕುಡಿದು, ಆರ್.ಸಿ. ಪುಸ್ತಕ ತೋರಿಸಿರೆಂದ. ಪುಸ್ತಕದಲ್ಲಿ ಬರೆದದ್ದೂ ಬಾನೆಟ್ಟಿನ ಕೆಳಗಿರುವುದೂ ಒಂದೇ ಆಗಿರಬೇಕು, ಇಲ್ಲದಿದ್ದರೆ ನನ್ನಲ್ಲಿಗೆ ತರಬೇಡಿ ಎಂದ. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕೊನೆಗೆ ಹುಡುಗನ ಪಾಲಿಗೆ ಬಂದದ್ದು ಹೊಸ ಟಯರು, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಶನ್, ಚೆನ್ನಾಗಿ ಹದಮಾಡಿದ ಕಾರ್ಬ್ಯುರೇಟರು, ಇಷ್ಟೇ. ಇಂಜಿನು ಮಾತ್ರ ಚುರುಕಾಯಿತು ಎಂಬುದನ್ನು ಒಪ್ಪಬೇಕು. ಚಳಿಯ ಗಾಳಿ ದಟ್ಟವಾದ್ದರಿಂದ ಇಂಜಿನಿಗೆ ಉಸಿರು ತುಂಬ ಸಿಗುತ್ತದೆ. ಮೇ ತಿಂಗಳಲ್ಲಿ ಸಿಗ್ನಲಿನಲ್ಲಿ ನಿಂತು ಕುದಿಯುವ ಗಾಡಿ ಜನವರಿಯಲ್ಲಿ ಹಾಡುತ್ತದೆ.

ಹೀಗೆ ಒಂದು ಜನವರಿಯ ಭಾನುವಾರ, ಬೆಳಗಿನ ಐದೂವರೆಗೆ ಮಾಟುಂಗಾದಿಂದ ಹೊರಟೆವು. ಚೋಕ್ ಎಳೆದು ಎರಡು ಸಲ ಪ್ರಯತ್ನಿಸಿದ ಮೇಲೆ ಇಂಜಿನು ಎದ್ದಿತು. ಅಣ್ಣ ಚಾಲಕ. ಮುಂದಿನ ಉದ್ದ ಸೀಟಿನಲ್ಲಿ ಪಕ್ಕಕ್ಕೆ ಅಮ್ಮ, ಶಾಲು ಹೊದ್ದು, ಮಡಿಲಲ್ಲಿ ಕಾಫಿಯ ಫ್ಲಾಸ್ಕು. ಹಿಂದೆ ಹುಡುಗನೂ ನಾವೂ. ಸಾಯನ್ ದಾಟಿ ಪವಾಯಿಗೆ ಬರುವ ಹೊತ್ತಿಗೆ ಕೆರೆಯ ಮೇಲೆ ಮಂಜು ಹಾಸಿತ್ತು. ಅಲ್ಲಿಂದ ಆರೆ ಕಾಲೊನಿಗೆ ತಿರುಗಿದೆವು. ನಗರದ ಗೋಶಾಲೆಗಳನ್ನು ಹೊರಕ್ಕೆ ಸಾಗಿಸಲು 1949ರಲ್ಲಿ ಕಟ್ಟಿದ ಹಾಲಿನ ವಸಾಹತು ಅದು. ಈ ಮರಗಳ ನಡುವೆ ಬಂದರೆ ಮುಂಬಯಿಯಲ್ಲಿದ್ದೇವೆಂದು ನಂಬಿಕೆಯಾಗದು. ಇಬ್ಬನಿ ಬಿದ್ದ ರಸ್ತೆಯ ಮೇಲೆ ಎಲೆಗಳು ಒದ್ದೆಯಾಗಿ ಹಾಸಿಕೊಂಡಿದ್ದವು. ಒಂದು ತಿರುವಿನಲ್ಲಿ ಅಣ್ಣ ಕೊಂಚ ಹುರುಪಿನಿಂದ ಒತ್ತಿದ್ದೇ ತಡ, ಗಾಡಿಯ ಹಿಂಭಾಗ ಮೆಲ್ಲನೆ ಎಡಕ್ಕೆ ಸರಿಯಿತು. ಅಣ್ಣ ಬ್ರೇಕು ಮುಟ್ಟಲಿಲ್ಲ. ಕಾಲು ಸಡಿಲಿಸಿ, ಬಾಲ ಹೋದ ದಿಕ್ಕಿಗೇ ಸ್ಟಿಯರಿಂಗ್ ತಿರುಗಿಸಿದ. ಗಾಡಿ ನೆಟ್ಟಗಾಯಿತು. ಹುಡುಗ ಚಪ್ಪಾಳೆ ತಟ್ಟಿದ. ಅಮ್ಮ ಫ್ಲಾಸ್ಕನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

ಗೋರೆಗಾಂವ್, ಬೊರಿವಲಿ, ದಹಿಸರ್ ಕಳೆದು ಘೋಡ್‌ಬಂದರ್ ರಸ್ತೆ ಹಿಡಿದೆವು. ಒಂದು ಕಡೆ ಖಾಡಿಯ ನೀರು, ಇನ್ನೊಂದು ಕಡೆ ರಾಷ್ಟ್ರೀಯ ಉದ್ಯಾನದ ಗುಡ್ಡ. ನಮ್ಮ ಕರಾವಳಿಯ ಯಾವುದೋ ಹೊಳೆದಂಡೆಯ ಹಾಗೆ. ಏರನ್ನು ಪದ್ಮಿನಿ ಸೊಗಸಾಗಿ ಹತ್ತಿತು. ಗಾಯ್‌ಮುಖದ ಇಳಿಜಾರಿನಲ್ಲಿ ಲಾರಿಗಳ ಸಾಲು. ಅಣ್ಣ ಮೂರನೆಯ ಗೇರಿನಲ್ಲೇ, ಕಾಲನ್ನು ಬ್ರೇಕಿನ ಮೇಲಿಟ್ಟು ಇಳಿಯುತ್ತಿದ್ದ. ಅರ್ಧ ಇಳಿದಿರಬಹುದು, 'ಪೆಡಲ್ ಕೆಳಗೆ ಹೋಗ್ತಿದೆ' ಎಂದ. ಅವನ ದನಿ ಬಹಳ ಸಣ್ಣದಾಗಿತ್ತು. ಮುಂದಿನ ಲಾರಿಯ ಹಿಂಭಾಗ ದೊಡ್ಡದಾಗುತ್ತ ಬಂತು. ಅಣ್ಣ ಸ್ಟಿಯರಿಂಗಿನ ಬುಡದ ಗೇರನ್ನು ಎರಡನೆಯದಕ್ಕೆ ಎಳೆದ, ಇಂಜಿನು ಕಿರುಚಿತು. ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲನೆ ಎತ್ತುತ್ತ ಎಡದ ಮಣ್ಣಿಗೆ ಇಳಿಸಿದ. ಗಾಡಿ ನಿಂತಾಗ ಲಾರಿ ಹತ್ತು ಮಾರು ಮುಂದಿತ್ತು. ಬ್ರೇಕಿನ ಕಮಟು ವಾಸನೆ ಒಳಗೆಲ್ಲ ತುಂಬಿತು.

ಯಾರೂ ಮಾತಾಡಲಿಲ್ಲ. ಕೊನೆಗೆ ಅಮ್ಮನೇ ಹೇಳಿದರು: 'ನಿಮ್ಮಪ್ಪ ಘಾಟಿ ಇಳಿಯೋದಕ್ಕೆ ಮೊದಲೇ ಗೇರು ಇಳಿಸ್ತಿದ್ದರು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಅಂತಿದ್ದರು.' ಎಷ್ಟೋ ವರ್ಷ ಪಕ್ಕದಲ್ಲಿ ಕುಳಿತು ಅವರು ಅಷ್ಟನ್ನೂ ಕಲಿತಿದ್ದರು. ನಾವು ಯಾರೂ ಕೇಳಿರಲಿಲ್ಲ.

ಒಂದು ಗಂಟೆ ಆರಿಸಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಠಾಣೆಯ ಮೇಲಿಂದ ನಿಧಾನವಾಗಿ ಕುರ್ಲಾ ತಲಪಿದೆವು. ಚಾಚಾ ಬ್ರೇಕ್ ಆಯಿಲ್ ತೆಗೆದು ತೋರಿಸಿದ. ಚಹಾದ ಬಣ್ಣಕ್ಕೆ ತಿರುಗಿತ್ತು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಮುಂಬಯಿಯ ಮಳೆಗಾಲಗಳನ್ನು ಕುಡಿದ ಎಣ್ಣೆ ಇಳಿಜಾರಿನ ಕಾವಿಗೆ ಕುದಿದು ಆವಿಯಾದರೆ ಪೆಡಲ್ ಒತ್ತಿದ್ದು ಚಕ್ರಕ್ಕೆ ಮುಟ್ಟುವುದೇ ಇಲ್ಲ. ಪದ್ಮಿನಿಯ ನಾಲ್ಕೂ ಚಕ್ರಗಳದು ಡ್ರಮ್ ಬ್ರೇಕು. ಡಿಸ್ಕಿನಷ್ಟು ಬೇಗ ಅವು ತಣಿಯುವುದಿಲ್ಲ. ಚಳಿಯಲ್ಲಿ ಓಡುವ ಸುಖಕ್ಕೆ ಸಿದ್ಧಮಾಡಿದ ಗಾಡಿಯಲ್ಲಿ ಮಳೆಯ ಲೆಕ್ಕ ಬಾಕಿ ಉಳಿದಿತ್ತು. ಚಾಚಾ ಹಾಗೆ ಹೇಳಿ ನಕ್ಕ. ನಮಗೆ ನಗು ಬರಲಿಲ್ಲ. ಟಯರು, ಇಗ್ನಿಶನ್ನಿಗೆ ದುಡ್ಡು ಸುರಿದ ನಮ್ಮಲ್ಲಿ ಒಬ್ಬರಿಗೂ ಬ್ರೇಕ್ ಆಯಿಲ್ ಬದಲಿಸುವುದು ಹೊಳೆದಿರಲಿಲ್ಲ.

ಆ ವರ್ಷ ಹುಡುಗನ ಸೈಲೆನ್ಸರಿಗೆಂದು ಕೂಡಿಟ್ಟ ದುಡ್ಡು ವೀಲ್ ಸಿಲಿಂಡರಿಗೂ ಲೈನಿಂಗಿಗೂ ಹೋಯಿತು. ಅವನೇ ಮುಂದೆ ಬಂದು ಕೊಟ್ಟ. ಆಮೇಲೆ ಪೆಟ್ರೋಲಿನ ಸರದಿ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ 100ಕ್ಕೆ 20 ಪಾಲು ಎಥೆನಾಲ್ ಬೆರೆಯಿತು. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ರೈತನಿಗೆ ಒಳ್ಳೆಯದಾಗಲಿ, ಆದರೆ ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ. ಪೈಪು, ಪಂಪಿನ ಡಯಾಫ್ರಮ್ ಎಲ್ಲ ಹೊಸದಾದವು, ಕಾರ್ಬ್ಯುರೇಟರಿನ ಜೆಟ್ಟು ಸ್ವಲ್ಪ ದೊಡ್ಡದಾಯಿತು. ಚಳಿಯ ಬೆಳಗ್ಗೆ ಚೋಕನ್ನು ಈಗ ಹೆಚ್ಚು ಹೊತ್ತು ಎಳೆದಿರಬೇಕು.

ಈಗಲೂ ಚಳಿಗಾಲದ ಭಾನುವಾರಗಳಲ್ಲಿ ಅದೇ ಸುತ್ತು ಹೊರಡುತ್ತೇವೆ. ನವರಾತ್ರಿ ಕಳೆದ ಮೇಲೆ ಬ್ರೇಕ್ ಆಯಿಲ್ ಬದಲಾಗದೆ ಗಾಡಿ ಗೇಟು ದಾಟುವುದಿಲ್ಲ. ಗಾಯ್‌ಮುಖದ ನೆತ್ತಿ ಬರುತ್ತಲೇ ಅಮ್ಮ 'ಎರಡು' ಎನ್ನುತ್ತಾರೆ, ಅಣ್ಣ ಎರಡಕ್ಕೆ ಹಾಕುತ್ತಾನೆ. ಹಿಂದಿನವರ ಹಾರ್ನು ನಮ್ಮ ಕಿವಿಗೆ ಬೀಳುವುದಿಲ್ಲ. ಮಾಟುಂಗಾಕ್ಕೆ ಮರಳುವಾಗ ತಿಂಡಿಯಂಗಡಿಗಳ ಮುಂದೆ ಜನ ಸರತಿಯಲ್ಲಿ ನಿಂತಿರುತ್ತಾರೆ. ಗಾಡಿ ನಿಲ್ಲಿಸಿದೊಡನೆ ಹುಡುಗ ಡಿಕ್ಕಿ ತೆರೆದು, ಅಪ್ಪ ಘಾಟಿಗಳಲ್ಲಿ ಚಕ್ರಕ್ಕೆ ಕೊಡುತ್ತಿದ್ದ ಕರಿಯ ಅಡ್ಡಗಲ್ಲನ್ನು ತೆಗೆದು ಹಿಂದಿನ ಚಕ್ರಕ್ಕೆ ಇಡುತ್ತಾನೆ. ಅದಾದ ಮೇಲೆಯೇ ಅಮ್ಮ ಬಾಗಿಲು ತೆರೆಯುವುದು.