ಬಲೆಯಿಲ್ಲದ ಹಿಂಸೆ
ಮೀನು ಪಂಚೇಂದ್ರಿಯ ಜಲಚರ. ನೀರು ಕಾದರೆ ಅದರ ಮೈಯೂ ಕಾಯುವುದು. 20 ಡಿಗ್ರಿ ಸೆಲ್ಸಿಯಸ್ ತಾಪದ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ 7.5 ಮಾತ್ರ. ಆದರೆ ತಾಪ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯ ಯಾಪಲದಿನ್ನಿಯಂಥ ಊರುಗಳಲ್ಲಿ, ಬತ್ತುತ್ತಿರುವ ಹೊಂಡದ ಮೀನಿಗೆ ತಂಪಾದ ಬೇರೆ ತಾವಿಲ್ಲ.

ಬಲೆ ಮುಟ್ಟದ ಶ್ರಾವಕನಿಗೆ ಇದರಲ್ಲಿ ಪಾಲಿಲ್ಲವೇ? ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುವುದು ಮನೆ, ಅಂಗಡಿಗಳ ವಿದ್ಯುತ್ತಿಗಾಗಿ. ಆ ಹೊಗೆಯ ಇಂಗಾಲದಿಂದ ಭೂಮಿಯ ತಾಪ ಏರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕವಾದ ಅಗ್ನಿಯ ಆರಂಭವನ್ನು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಅನಗತ್ಯವಾದ ದೀಪ, ಪಂಖಗಳನ್ನು ನಿಲ್ಲಿಸುವುದನ್ನು ಶ್ರಾವಕರು ಆ ವ್ರತದ ಅಂಗವೆಂದೇ ಭಾವಿಸಬೇಕು.