ಶರಪಂಜರದ ಹರಿದ ಪುಟಗಳು

"ಶರಪಂಜರ ನೋಡಿದ್ದೀರಾ?" ಎಂದು ಯಾರನ್ನಾದರೂ ಕೇಳಿ. "ಅಯ್ಯೋ, ಕಲ್ಪನಾದಲ್ಲವೇ! ನೋಡದೇ ಇರ್ತೀವಾ?" ಎಂದು ತಟ್ಟನೆ ಉತ್ತರ ಬರುತ್ತದೆ. "ಓದಿದ್ದೀರಾ?" ಎಂದು ಕೇಳಿ... ಅಲ್ಲಿಗೆ ಮಾತು ನಿಂತಿತು!

ನಾನೂ ಅದೇ ಗುಂಪಿನವನು, ಸ್ವಾಮಿ. ನೋಡಿದವನು, ಓದದವನು. ಓದದೆಯೇ ಅಭಿಪ್ರಾಯ ಹೇಳುತ್ತಾ ತಿರುಗಿದವನು. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಓದದ ಪುಸ್ತಕದ ಕೊನೆಯ ಹಾಳೆಗಳನ್ನು ನನ್ನ ಕೈಯಾರೆ ಹರಿದೆ. ಅದೂ ಒಡಹುಟ್ಟಿದ ಅಕ್ಕನ ಕೈಗೆ ಆ ಪುಸ್ತಕ ಕೊಡುವ ಮುಂಚೆ!

ಅದನ್ನು ಹೇಳುವ ಮೊದಲು ನಮ್ಮೂರಿನ ಕಟ್ಟೆಯ ಪರಿಚಯ ಆಗಬೇಕು.

ನಮ್ಮೂರು ಜವಳಗೇರಾ. ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಭತ್ತದ ಸೀಮೆಯಾದ ನಾಡು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಸುತ್ತಲೂ ಇವೆ. ಬೀಜ ಬೆಳೆಯುವ ಸರ್ಕಾರಿ ಫಾರಂ ಇದೆ. ನಾನು ಪಿಯುಸಿಗೆ ಶರಣು ಹೊಡೆದು, ಅಲ್ಲಿ ಇಲ್ಲಿ ಪತ್ರಿಕೆಗಳಿಗೆ ಸುದ್ದಿ, ಸಿನಿಮಾ ಲೇಖನ ಬರೆದುಕೊಂಡಿರುವವನು. ಸಂಜೆ ಆಯಿತೆಂದರೆ ರಸ್ತೆ ಬದಿಯ ಹೋಟೆಲಿನ ಮುಂದಿನ ಕಟ್ಟೆಯೇ ನಮ್ಮ ಸಾಹಿತ್ಯ ಪರಿಷತ್ತು! ಒಂದು ಪ್ಲೇಟು ಒಗ್ಗರಣಿ, ನಾಲ್ಕು ಮಿರ್ಚಿ, ಅರ್ಧರ್ಧ ಚಹಾ. ಜೊತೆಗೆ, ಈಗ ಯಾರು ಯಾವ ಕಾದಂಬರಿ ಓದುತ್ತಿದ್ದಾರೆ ಎಂಬ ಮಾತು.

ನಮ್ಮಲ್ಲಿ ಹಿರಿಯರು ನಿವೃತ್ತ ಕಂಡಕ್ಟರ್ ಕಾಕಾ. ಟಿ.ಕೆ. ರಾಮರಾವ್ ಎಂದರೆ ಅವರಿಗೆ ಪ್ರಾಣ. 1972ರ 'ಬಂಗಾರದ ಮನುಷ್ಯ' ಚಿತ್ರ ಅವರ ಕಾದಂಬರಿಯಿಂದ ಬಂದದ್ದು ಎಂದು ನಮಗೆಲ್ಲ ಹೇಳಿಕೊಟ್ಟವರೇ ಅವರು. ಎರಡನೆಯವನು ಕ್ಯಾಂಪಿನ ಹುಡುಗ, ಗೊಬ್ಬರದ ಅಂಗಡಿಯವನು. ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವನ್ನು ತೆಲುಗಿನಲ್ಲಿ ಓದಿದ್ದಾನೆ. ಕಾಕಾ ಅದನ್ನೇ ಕನ್ನಡದಲ್ಲಿ ಓದಿದ್ದಾರೆ. ಯಾವುದರಲ್ಲಿ ಹೆಚ್ಚು ಹೆದರಿಕೆ ಆಗುತ್ತದೆ ಎಂದು ಇಬ್ಬರಿಗೂ ದಿನಾ ಜಗಳ! ಮೂರನೆಯವನು ನಾನು. ಸಿನಿಮಾ ಬರೆಯುವವನಲ್ಲವೇ? ಕಾದಂಬರಿ ಯಾವುದಾದರೂ ಸರಿ, ಅದು ಚಿತ್ರವಾಗಿದ್ದರೆ ನನ್ನ ಬಾಯಿ ಮುಂದು.

ಒಮ್ಮೆ 'ನಾಗರಹಾವು' ಮಾತು ಬಂತು. "ಕಾದಂಬರಿಯಲ್ಲೂ ಚಾಮಯ್ಯ ಮೇಷ್ಟ್ರೇ ಜೀವಾಳ" ಎಂದು ನಾನು ಭಾಷಣ ಶುರು ಮಾಡಿದೆ. ಕಾಕಾ ಮಿರ್ಚಿ ಮುರಿಯುತ್ತಾ ಕೇಳಿದರು:

"ಅದು ಎಷ್ಟು ಪುಸ್ತಕ ಐತಿ ಹೇಳೋ ತಮ್ಮ?"

"ಒಂದೇ ಅಲ್ಲೇನ್ರಿ ಕಾಕಾ?"

"ಮೂರು! ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ಮೂರೂ ಸೇರಿಸಿ ಪುಟ್ಟಣ್ಣ ಒಂದು ಸಿನಿಮಾ ಮಾಡ್ಯಾನ. ಓದಿದ್ರ ಗೊತ್ತಿರ್ತಿತ್ತು."

ಕಟ್ಟೆಯೆಲ್ಲಾ ನಕ್ಕಿತು. ನಾನೂ ನಕ್ಕೆ. ಚಿತ್ರ ನೋಡಿದ ತ.ರಾ.ಸು. ಅವರು ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರೆಂದು ಬೇಸರಪಟ್ಟ ಕಥೆ ಇಂದಿಗೂ ಚಿತ್ರರಂಗದಲ್ಲಿ ಓಡಾಡುತ್ತದೆ. ಅದನ್ನು ಹೇಳಿ ಮಾತು ತೇಲಿಸಿಬಿಟ್ಟೆ. ನಾಚಿಕೆ ಆಗಲಿಲ್ಲ. ಆಗಬೇಕಾದ ನಾಚಿಕೆ ಮನೆಯಲ್ಲಿ ಕಾದಿತ್ತು!

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಹೆಸರೊಂದು ಹಾಕಬ್ಯಾಡ, ಉಳಿದದ್ದು ಇದ್ದದ್ದು ಇದ್ದಂಗ ಬರಿ" ಎಂದಿದ್ದಾಳೆ.

2021ರಲ್ಲಿ ಅಕ್ಕನಿಗೆ ಹೆಣ್ಣು ಮಗು ಆಯಿತು. ಹತ್ತು ದಿನ ಕಳೆಯುವುದರೊಳಗೆ ಅವಳ ನಿದ್ದೆ ಹೋಯಿತು. ರಾತ್ರಿಯಿಡೀ ಮಾತು, ಅಳು. ಕೂಸನ್ನು ಯಾರೋ ಬದಲು ಮಾಡಿದ್ದಾರೆ ಎಂಬ ಅನುಮಾನ. "ಗಾಳಿ ಸೋಕೈತಿ" ಎಂದರು. ತಾಯಿತ ಆಯಿತು, ನಿಂಬೆಹಣ್ಣು ಆಯಿತು. ಕೊನೆಗೆ ನಾನು ಹಟ ಹಿಡಿದು ಧಾರವಾಡಕ್ಕೆ ಕರೆದುಕೊಂಡು ಹೋದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಇದೇ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ, ತಡಮಾಡದೆ ಔಷಧ ಕೊಟ್ಟರೆ ಗುಣವಾಗುತ್ತದೆ ಎಂದು ವೈದ್ಯರು ಧೈರ್ಯ ಹೇಳಿದರು. ಹಾಗೇ ಆಯಿತು. ಕೆಲವೇ ವಾರಗಳಲ್ಲಿ ಅಕ್ಕ ಮೊದಲಿನ ಅಕ್ಕ ಆದಳು. ಕೂಸನ್ನು ಎದೆಗವಚಿಕೊಂಡು ಜೋಗುಳ ಹಾಡಿದಳು. ಮುಂದೆ ವೈದ್ಯರೇ ಗುಳಿಗೆಯನ್ನೂ ನಿಲ್ಲಿಸಿದರು.

ಕಾಯಿಲೆ ಹೋಯಿತು. ಆದರೆ ಗಂಡನ ಮನೆಯಿಂದ ಕರೆ ಬರಲಿಲ್ಲ. "ಇನ್ನೊಂದು ಸ್ವಲ್ಪ ದಿನ ಅಲ್ಲೇ ಇರಲಿ" ಎಂದರು. ಆ ಸ್ವಲ್ಪ ದಿನ ಎರಡು ವರ್ಷ ಆಯಿತು! ಅಕ್ಕ ತವರಿನಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾ ಕೂತಳು.

ಒಂದು ದಿನ ನನ್ನನ್ನು ಕರೆದು ಹೇಳಿದಳು: "ತಮ್ಮಾ, ಬಾಣಂತಿ ಸನ್ನಿ ಆದಾಕಿದೊಂದು ಕಥಿ ಐತಂತಲ್ಲ. ಧಾರವಾಡದಾಗ ಬಾಜು ಹಾಸಿಗಿಯಾಕಿ ಹೇಳಿದ್ಲು. ಅದನ್ನ ತಂದು ಕೊಡು."

ನನ್ನ ಎದೆ ಧಸಕ್ಕೆಂದಿತು. ಶರಪಂಜರ! ಚಿತ್ರವನ್ನು ಮೂರು ಸಲ ನೋಡಿದ್ದೆ. ಕಲ್ಪನಾ ಅವರ ಆ ಕೊನೆಯ ದೃಶ್ಯ ಕಣ್ಣ ಮುಂದೆ ಬಂತು. ಗುಣವಾಗಿ ಮನೆಗೆ ಬಂದ ಕಾವೇರಿ, ಗಂಡನ ಮೋಸ ಕಂಡು ಮತ್ತೆ ಬುದ್ಧಿ ಕಳೆದುಕೊಂಡು ಆಸ್ಪತ್ರೆಗೇ ಮರಳುತ್ತಾಳೆ. ಅದನ್ನು ಅಕ್ಕ ಓದುವುದೇ? ಅವ್ವನಂತೂ, "ಬ್ಯಾಡೋ ಯಪ್ಪಾ, ಹುಣ್ಣಿನ ಮ್ಯಾಲೆ ಖಾರ ಹಾಕಿದಂಗ ಆಗತೈತಿ" ಎಂದು ಕೈಮುಗಿದಳು.

ಅಕ್ಕ ಬಿಡಲಿಲ್ಲ. ರಾಯಚೂರಿನಲ್ಲಿ ಹಳೆಯ ಪುಸ್ತಕದ ರಾಶಿಯಲ್ಲಿ ಒಂದು ಪ್ರತಿ ಸಿಕ್ಕಿತು. ಬಸ್ಸಿನಲ್ಲಿ ಬರುವಾಗ ಕೊನೆಯ ಎಂಟು ಹಾಳೆ ಹರಿದು ಚೀಲದಲ್ಲಿ ಇಟ್ಟುಕೊಂಡೆ. ಅವುಗಳಲ್ಲಿ ಏನಿದೆ ಎಂದು ಓದಲೂ ಇಲ್ಲ. ಸಿನಿಮಾ ನೋಡಿದ್ದೇನಲ್ಲ, ಇನ್ನೇನು ಓದುವುದು!

ಅಕ್ಕ ಮೂರು ರಾತ್ರಿಯಲ್ಲಿ ಪುಸ್ತಕ ಮುಗಿಸಿದಳು.

"ಇದರ ಕೊನೀ ಹಾಳಿ ಎಲ್ಲಿ?"

"ಹಳೇ ಪುಸ್ತಕ ಅಕ್ಕಾ... ಹರದು ಹೋಗ್ಯಾವ."

"ಹೌದಾ? ನಿನಗ ಗೊತ್ತಿರಬೇಕಲ್ಲ. ಪೇಪರಿನ್ಯಾಗ ಬರೀತಿ. ಹೇಳು, ಮುಂದ ಏನಾತು?"

ನಾನು ಪತ್ರಕರ್ತ! ಕ್ಷಣದಲ್ಲಿ ಒಂದು ಕ್ಲೈಮ್ಯಾಕ್ಸ್ ಕಟ್ಟಿದೆ. ಕಾವೇರಿಯ ಗಂಡನಿಗೆ ತಪ್ಪಿನ ಅರಿವಾಯಿತು, ಅವಳ ಕಾಲಿಗೆ ಬಿದ್ದು ಕ್ಷಮೆ ಕೇಳಿದ, ಮಕ್ಕಳೊಂದಿಗೆ ಎಲ್ಲರೂ ಸುಖವಾಗಿದ್ದರು... ಶುಭಂ! ಅಕ್ಕ ಸುಮ್ಮನೆ ಕೇಳಿದಳು. "ಚೊಲೊ ಆತು ಬಿಡು" ಎಂದು ಹೊಲಿಗೆಗೆ ಕೂತಳು. ನಾನು ಗೆದ್ದೆ ಎಂದುಕೊಂಡೆ.

ಆಗ 2023. ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಜೂನ್ ತಿಂಗಳಲ್ಲಿ ಬಂದಿತ್ತು. ದಾರ, ಲೈನಿಂಗ್ ಬಟ್ಟೆ ತರಲು ಅಕ್ಕ ಸಿಂಧನೂರಿಗೆ ಹೋಗಿಬರತೊಡಗಿದಳು. ಒಂದು ಸಂಜೆ ಮನೆಗೆ ಬಂದವಳೇ ಚೀಲ ಕೆಳಗಿಟ್ಟು, ನೀರು ಕುಡಿದು, ನನ್ನ ಎದುರು ಕೂತಳು.

"ಗಂಡ ಆಕಿ ಕಾಲಿಗೆ ಬಿದ್ದದ್ದು ಯಾವ ಪುಟದಾಗ ಐತಿ, ತಮ್ಮಾ?"

ನನ್ನ ಬಾಯಿ ಕಟ್ಟಿತು. ಗ್ರಂಥಾಲಯದಲ್ಲಿ ಕೂತು ಇನ್ನೊಂದು ಪ್ರತಿಯ ಕೊನೆಯ ಭಾಗ ಓದಿಕೊಂಡೇ ಬಂದಿದ್ದಳು!

"ನೀನು ಆ ಹಾಳಿ ಹರದದ್ದು ನನ್ನ ಮ್ಯಾಲಿನ ಜೀವಕ್ಕ, ಗೊತ್ತೈತಿ. ಆದ್ರ ಒಂದು ವಿಚಾರ ಮಾಡು. ಆ ಕಾವೇರಿಗೆ ಏನಾಗಿತ್ತು? ಆಕಿಗೆ ಆರಾಮಾಗಿತ್ತು. ಡಾಕ್ಟರು ಆರಾಮ್ ಅಂದ್ರು. ಮನಿಯವರು ನಂಬಲಿಲ್ಲ. ನಕ್ಕರೂ ಆಕಿ ಮಾರಿ ನೋಡಿದ್ರು, ಅತ್ತರೂ ನೋಡಿದ್ರು. ನೀವು ಏನು ಮಾಡೀರಿ? ನಾನು ಸಾರಿಗೆ ಉಪ್ಪು ಮರೆತ್ರ ಅವ್ವ ನಿನ್ನ ಮಾರಿ ನೋಡ್ತಾಳ. ನಾನು ಕೂಸಿಗೆ ಗದರಿದ್ರ ನೀನು ಬಾಗಿಲಿಗೆ ಬಂದು ನಿಂದರ್ತಿ. ಒಂದು ಪುಸ್ತಕದ ಕೊನಿ ಓದೂವಷ್ಟು ಗಟ್ಟಿ ಅದಾಳ ಅಂತ ನೀನೂ ನಂಬಲಿಲ್ಲ!"

ಓದುಗ ಮಿತ್ರರೇ, ಎಷ್ಟೋ ಚಿತ್ರಗಳ ವಿಮರ್ಶೆ ಬರೆದಿದ್ದೇನೆ. ಒಂದು ಕಾದಂಬರಿಯ ಬಗ್ಗೆ ಇಂಥ ಮಾತು ನನ್ನ ಲೇಖನಿಯಿಂದ ಒಮ್ಮೆಯೂ ಬಂದಿಲ್ಲ.

ಆ ರಾತ್ರಿ ಚೀಲದಿಂದ ಎಂಟು ಹಾಳೆ ತೆಗೆದು, ಅಂಟು ಹಚ್ಚಿ, ಸೊಟ್ಟಸೊಟ್ಟಗೆ ಜೋಡಿಸಿ, ಮೊದಲ ಪುಟದಿಂದ ಓದಲು ಕೂತೆ. ಬೆಳಗಿನ ಜಾವ ಕೋಳಿ ಕೂಗುವಾಗ ಮುಗಿಯಿತು.

ಚಿತ್ರವನ್ನು ನಾನು ಈಗಲೂ ಹಳಿಯುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅಂಥ ವಸ್ತು ಮುಟ್ಟಿದ್ದೇ ಎದೆಗಾರಿಕೆ. ಮಿನುಗುತಾರೆ ಕಲ್ಪನಾ ಆ ಪಾತ್ರಕ್ಕೆ ಜೀವ ಸುರಿದರು. ಆದರೆ ತೆರೆಯ ಮೇಲೆ ನೋಡಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಅವರ ಕಣ್ಣು, ಸೀರೆ, ಆ ಕೊನೆಯ ಅಬ್ಬರ. ಪುಸ್ತಕದಲ್ಲಿ ಅಬ್ಬರವಿಲ್ಲ. ಗುಣವಾಗಿ ಬಂದ ಹೆಂಗಸೊಬ್ಬಳು ತನ್ನದೇ ಮನೆಯಲ್ಲಿ ಪರಕೀಯಳಾಗಿ ಕಳೆಯುವ ದಿನಗಳನ್ನು ಓದುವವರೂ ಅವಳ ಜೊತೆಗೇ ಕಳೆಯಬೇಕು. ಕುರ್ಚಿಯಿಂದ ಎದ್ದು ಹೋಗಲು ಮಧ್ಯಂತರವೂ ಇಲ್ಲ!

ಇದನ್ನು ಬರೆದ ತ್ರಿವೇಣಿಯವರು ಮನಃಶಾಸ್ತ್ರ ಓದಿದವರು. ಮನಸ್ಸಿನ ಕಾಯಿಲೆಯೂ ಮೈಯ ಕಾಯಿಲೆಯಂತೆಯೇ ಒಂದು ಕಾಯಿಲೆ ಎಂದು ಕನ್ನಡದ ಮನೆಮನೆಗೆ ಹೇಳಿದವರು. ಅವರೇ 1963ರ ಜುಲೈಯಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, 34ರ ವಯಸ್ಸಿನಲ್ಲಿ ತೀರಿಕೊಂಡರು. 1967ರ 'ಬೆಳ್ಳಿಮೋಡ', 1968ರ 'ಹಣ್ಣೆಲೆ ಚಿಗುರಿದಾಗ', 1971ರ 'ಶರಪಂಜರ' ಯಾವುದನ್ನೂ ಅವರು ಕಾಣಲಿಲ್ಲ. ತ.ರಾ.ಸು. ಅವರಿಗೆ ಸಿನಿಮಾ ನೋಡಿ ಬೇಸರಪಡುವ ಭಾಗ್ಯವಾದರೂ ಇತ್ತು. ಈ ತಾಯಿಗೆ ಅದೂ ಇಲ್ಲ.

ಮರುದಿನ ಅಕ್ಕನ ಮುಂದೆ ಪುಸ್ತಕ ಇಟ್ಟು ತಪ್ಪೊಪ್ಪಿಕೊಂಡೆ. "ಓದಿದ್ಯಾ? ಹಂಗಾರ ಈಗ ಮಾತಾಡೋಣ" ಎಂದಳು. ಮಾತಾಡಿದೆವು. ಜಗಳವೇ ಆಯಿತೆನ್ನಿ!

ಅಕ್ಕನಿಗೆ ಆ ಮುಕ್ತಾಯ ಒಪ್ಪಿಗೆ ಇಲ್ಲ. "ಅಷ್ಟು ಚೊಲೊ ಬರದಾಕಿ ಕೊನಿಗೆ ಕಾವೇರೀನ್ನ ಯಾಕ ವಾಪಸ್ ಆಸ್ಪತ್ರಿಗೆ ಕಳಿಸಬೇಕು?" ಎನ್ನುತ್ತಾಳೆ.

"ಹಂಗ ಮುಗಿಸಿದ್ದಕ್ಕೇ ಓದಿದವರಿಗೆ ನಾಚಿಕಿ ಆಗತೈತಿ ಅಕ್ಕಾ. ತಪ್ಪು ಆಕೀದಲ್ಲ, ಮನಿಯವರದ್ದು ಅಂತ ಗೊತ್ತಾಗತೈತಿ" ಎಂಬುದು ನನ್ನ ವಾದ.

"ಮನಿಯವರಿಗೆ ಬುದ್ಧಿ ಬರಲಿ ಅಂತ ಆಕಿ ಯಾಕ ಹುಚ್ಚಿ ಆಗಬೇಕೋ? ಗಂಡನ ಮೋಸ ಕಂಡ ಮ್ಯಾಲೆ ಮಕ್ಕಳನ್ನ ಕರಕೊಂಡು ಬ್ಯಾರೆ ಮನಿ ಮಾಡಬೇಕಿತ್ತು. ಹೊಲಿಗಿ ಕಲೀಬೇಕಿತ್ತು. ನಾನು ಬರದಿದ್ರ ಹಂಗ ಬರೀತಿದ್ದೆ."

"ಆ ಕಾಲ ಬ್ಯಾರೆ..."

"ಕಾಲ ಬ್ಯಾರೆ ಅಂತ ನೀನು ಹೇಳ್ತಿ. ನಾನು ಎರಡು ವರ್ಷದಿಂದ ಇಲ್ಲಿ ಕುಂತೀನಿ!"

ಯಾರ ಅಭಿಪ್ರಾಯ ಸರಿ? ಹೇಳಲಾರೆ. ತ್ರಿವೇಣಿಯವರ ಮುಕ್ತಾಯದಲ್ಲಿ ಸಮಾಜದ ಕೆನ್ನೆಗೆ ಹೊಡೆದ ಪೆಟ್ಟು ಇದೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಆದರೆ ಅಂಥ ಪೆಟ್ಟಿನ ನೋವನ್ನು ಪ್ರತಿ ಸಲವೂ ಹೆಂಗಸೇ ಏಕೆ ತಿನ್ನಬೇಕು ಎಂಬ ಅಕ್ಕನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ.

ಕಾದಂಬರಿ ಓದಿ ಅಕ್ಕನ ಸಂಸಾರ ಸರಿಹೋಯಿತು ಎಂದು ಬರೆದರೆ ಅದೂ ನಾನು ಕಟ್ಟಿದ ಇನ್ನೊಂದು ಕ್ಲೈಮ್ಯಾಕ್ಸ್ ಆದೀತು. ಹಾಗೇನೂ ಆಗಿಲ್ಲ. ಆ ವಾರ ಅಕ್ಕ ತಾನಾಗಿ ಗಂಡನಿಗೆ ಫೋನ್ ಮಾಡಿದಳು. "ನನ್ನ ಆರೋಗ್ಯದ ಬಗ್ಗೆ ಕೇಳೋದಿದ್ರ ನನ್ನನ್ನ ಕೇಳ್ರಿ, ನಮ್ಮವ್ವನ್ನ ಕೇಳಬ್ಯಾಡ್ರಿ" ಎಂದಳು. ಈಗ ಭಾನುವಾರಕ್ಕೊಮ್ಮೆ ಭಾವ ಬರುತ್ತಾರೆ. ಮಗಳನ್ನು ಎತ್ತಿಕೊಂಡು ಕಾಲುವೆಯವರೆಗೆ ತಿರುಗಾಡುತ್ತಾರೆ. ಮುಂದಿನದು ಇನ್ನೂ ಇತ್ಯರ್ಥ ಆಗಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಒಂದು ಬದಲಾವಣೆ ಆಗಿದೆ. ಸಾರಿಗೆ ಉಪ್ಪು ಕಡಿಮೆ ಆದರೆ, "ಉಪ್ಪು ತಾ" ಎನ್ನುತ್ತೇವೆ. ಅಷ್ಟೇ.

ಕಟ್ಟೆಯಲ್ಲೂ ನನ್ನ ನಸೀಬು ಬದಲಾಗಿದೆ. ನಾನು ಬಾಯಿ ತೆರೆದರೆ ಸಾಕು, "ಯಾವ ಪುಟ?" ಎಂದು ಕಾಕಾ ಕೇಳುತ್ತಾರೆ. ಪುಟ ಹೇಳಲಾಗದಿದ್ದರೆ ಆ ದಿನದ ಮಿರ್ಚಿ ದುಡ್ಡು ನನ್ನದು. ಈ ಕಾಯಿದೆ ಬಂದ ಮೇಲೆ ನಾನು ಓದಿದ್ದು ಹೆಚ್ಚು, ಮಾತಾಡಿದ್ದು ಕಡಿಮೆ!

ಅಕ್ಕ ಈಗ 'ಬೆಳ್ಳಿಮೋಡ' ಓದುತ್ತಿದ್ದಾಳೆ. ಆ ಚಿತ್ರವನ್ನೂ ನಾನು ನೋಡಿದ್ದೇನೆ. ಹೇಗೆ ಮುಗಿಯುತ್ತದೆ ಎಂದು ಅವಳು ಕೇಳಿಲ್ಲ. ನಾನೂ ಹೇಳಿಲ್ಲ. ಅವಳು ಮುಗಿಸಿದ ಮೇಲೆ ಪುಸ್ತಕ ನನ್ನ ಕೈಗೆ ಬರುತ್ತದೆ. ಆಮೇಲೆ ಇದ್ದೇ ಇದೆಯಲ್ಲ ಜಗಳ!

ಅದಿರಲಿ... ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿರುವ ನೀವು ಈಗ ಯಾವ ಕಾದಂಬರಿ ಹಿಡಿದಿದ್ದೀರಿ? ಮನೆಯಲ್ಲಿ ಅಕ್ಕ, ತಂಗಿ, ಹೆಂಡತಿ ಅದನ್ನೇ ಓದಿದ್ದರೆ ಅವರ ಅಭಿಪ್ರಾಯ ಒಮ್ಮೆ ಕೇಳಿ. ಕೇಳುವ ಮುಂಚೆ ನೀವೂ ಓದಿರಿ, ಕೊನೆಯ ಪುಟದವರೆಗೆ.

ಏನಂತೀರಿ?